ಮೇಜಿನ ಬಟ್ಟೆ ತೆಗೆಯುವ ಹೊತ್ತು

“ನಿಮ್ಮ ಆ ಬಿಷಪ್ಪಗ ಮಕ್ಕಳಿದ್ದುವೇನ್ರಿ? ಇರಲಿಲ್ಲಂದ್ರ ಬಾಯಿ ಮುಚ್ಚಿಕೊಂಡು ಕುಂಡ್ರು ಅಂತ ಹೇಳ್ರಿ ಅವಗ.”

ರುದ್ರವ್ವ ಹೀಗೆ ಬೈದದ್ದು ಸತ್ತು ಸಾವಿರದ ಏಳುನೂರು ವರ್ಷವಾದ ಮನುಷ್ಯನನ್ನು. ಆಫ್ರಿಕಾದ ಕಾರ್ಥೇಜ್ ಎಂಬ ಊರಿನಲ್ಲಿ ಅವನು ಕ್ರೈಸ್ತ ಸಭೆಗೆ ಬಿಷಪ್ಪನಾಗಿದ್ದನಂತೆ. ಆದರೆ ಬೈಯುವಾಗ ಅವಳ ಕಣ್ಣು ಇದ್ದದ್ದು ಮುಂದಿನ ಬೆಂಚಿನಲ್ಲಿ ಕೂತಿದ್ದ ಸ್ವಂತ ಅಣ್ಣ ದಾನಪ್ಪನ ಬೆನ್ನಿನ ಮೇಲೆ. ಬೆನ್ನಿಗೂ ಅದು ಗೊತ್ತಾಯಿತು. ದಾನಪ್ಪ ತಿರುಗಿದ.

“ಬಾಗಿಲ ಕಡೆ ಕುಂಡ್ರಾಕಿಗೆ ಇತಿಹಾಸ ಯಾಕ ಬೇಕು? ಡಬ್ಬಿ ತಂದಿ, ಖಾಲಿ ಡಬ್ಬಿ ತಗೊಂಡು ನಡಿ.”

“ಖಾಲಿ ಆಗಲಿ, ಹೋಗತೀನಿ. ಒಮ್ಮೆ ಹೊರಗ ಹಾಕೀಯಲ್ಲ, ಇನ್ನ ಎಷ್ಟು ಸಲ ಹಾಕತಿ?”

ಪಾಠ ಹೇಳುತ್ತಿದ್ದ ಪೂವಪ್ಪ ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಉಡುಪಿ ಕಡೆಯ ಮುದುಕ. ಹಳ್ಳಿಹಳ್ಳಿ ತಿರುಗಿ ಉಪದೇಶ ಮಾಡಿ ನಿವೃತ್ತರಾಗಿ, ಅಂಧೇರಿಯಲ್ಲಿ ಮಗನ ಮನೆಯಲ್ಲಿದ್ದರು. ಅವರಿಗೆ ಜಗಳವೆಂದರೆ ಭಯವಿರಲಿಲ್ಲ, ಬೇಸರವಿತ್ತು ಅಷ್ಟೆ. “ಅಲ್ಲ ಮಾರಾಯ್ತಿ, ಸತ್ತವರಿಗೆ ಬೈದರೆ ಎಂಥ ಸಿಗುತ್ತದೆ? ಪಾಠ ಮುಗಿಯಲಿ. ಆಮೇಲೆ ಅವನೊಬ್ಬನಿಗೇ ಯಾಕೆ, ಎಲ್ಲರಿಗೂ ಬೈಯುವಿರಂತೆ” ಎಂದರು.

ಮುಂಬಯಿಯ ಬೈಕುಲ್ಲಾದಲ್ಲಿ ಕನ್ನಡ ಕ್ರೈಸ್ತರ ಒಂದು ಸಣ್ಣ ಸಭೆ ಇತ್ತು. ಸ್ವಂತ ದೇವಾಲಯವಿಲ್ಲ. ಮರಾಠಿ ಸಭೆಯವರ ಮೇಲಂತಸ್ತಿನ ಹಾಲನ್ನು ಭಾನುವಾರ ಸಂಜೆಗೆ ಕೇಳಿ ಪಡೆದಿದ್ದರು. ಧಾರವಾಡ, ಗದಗ ಕಡೆಯ ಮಿಲ್ಲಿನ ನೇಕಾರರು ಅರ್ಧ, ಕರಾವಳಿಯ ಗುಮಾಸ್ತರು ಮತ್ತು ದರ್ಜಿಗಳು ಅರ್ಧ. ಆ ವರ್ಷ, ಐವತ್ತಾರರಲ್ಲಿ, ಮೇಲಿನವರಿಗೆ ಏನು ಹೊಳೆಯಿತೋ, ಸಭೆಯ ಹಿರಿಯರೂ ಭಾನುವಾರದ ಶಾಲೆಯ ಕಲಿಸುವವರೂ ಆದಿ ಸಭೆಯ ಚರಿತ್ರೆಯನ್ನು ಓದಲೇಬೇಕೆಂದು ಹುಕುಮು ಬಂತು. ಈಸ್ಟರಿಗೆ ಮುಂಚಿನ ಶನಿವಾರಗಳಲ್ಲಿ ಪೂವಪ್ಪ ಮಾಸ್ತರರು ಲೋಕಲ್ ಹತ್ತಿ ಬಂದು ಪಾಠ ಹೇಳತೊಡಗಿದರು. ಹಿರಿಯರು ನಿದ್ದೆ ಮಾಡತೊಡಗಿದರು.

ಮಾಸ್ತರರ ಊಟಕ್ಕೆ ರುದ್ರವ್ವನ ಖಾನಾವಳಿಯಿಂದ ಡಬ್ಬಿ ಬರಬೇಕೆಂದು ಗೊತ್ತಾಗಿತ್ತು. ಜೋಳದ ಭಕ್ಕರಿ, ಝುಣಕ, ಶೇಂಗಾ ಹಿಂಡಿ. ಕರಾವಳಿಯ ಮುದುಕ ಆ ಭಕ್ಕರಿಯನ್ನು ಅಗಿದು ಮುಗಿಸುವ ತನಕ ಅವಳು ಕಾಯಬೇಕು. ಕಾಯುತ್ತ ಕಾಯುತ್ತ ಕಿವಿಗೆ ಬಿತ್ತು. ಮುಂದಿನ ವಾರ ಬೇಗ ಬಂದಳು. ಅದರ ಮುಂದಿನ ವಾರ ಪಾಠ ಶುರುವಾಗುವ ಮೊದಲೇ ಬಂದು ಕಡೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತಳು. ಆ ಬೆಂಚು ಅವಳಿಗೆ ಹೊಸದಲ್ಲ. ಅದನ್ನು ಅವಳಿಗೆ ಗೊತ್ತುಮಾಡಿಕೊಟ್ಟವನು ದಾನಪ್ಪನೇ.

ಅದು ಹೀಗೆ. ರುದ್ರವ್ವನ ಗಂಡ ಮಿಲ್ಲಿನ ಬಾಯ್ಲರ್ ಕೆಲಸದಲ್ಲಿದ್ದವನು ತೀರಿಹೋದ ಮೇಲೆ ಅವಳಿಗೆ ಉಳಿದದ್ದು ಮಗಳು ಸೇವಂತಿ ಒಬ್ಬಳೇ. ಹುಡುಗಿಗೆ ಹತ್ತು ವರ್ಷವಿದ್ದಾಗ ವಿಷಮಶೀತ ಜ್ವರ ಬಂತು. ಡಾಕ್ಟರು ಔಷಧ ಕೊಟ್ಟ. ಸಭೆಯವರು ಬಂದು ಪ್ರಾರ್ಥನೆ ಮಾಡಿದರು. ಜ್ವರ ಇಳಿಯಲಿಲ್ಲ. ಒಂದು ಮಂಗಳವಾರ ತಲೆಯ ಮೇಲೆ ಎಲ್ಲಮ್ಮನ ಬುಟ್ಟಿ ಹೊತ್ತ ಜೋಗಮ್ಮ ಚಾಳಿನ ಓಣಿಗೆ ಬಂದಳು. ರುದ್ರವ್ವ ಹಿಂದೆಮುಂದೆ ನೋಡಲಿಲ್ಲ. ಬಿದಿರಿನ ಬುಟ್ಟಿಗೆ ಜೋಳ, ಬೆಲ್ಲ, ಹಸಿರು ಬಳೆ ತುಂಬಿದಳು, ಜೋಗಮ್ಮ ಕೊಟ್ಟ ಅರಿಶಿನದ ಭಂಡಾರವನ್ನು ಮಗಳ ಹಣೆಗೆ ಹಚ್ಚಿದಳು, ಮಣ್ಣಲ್ಲಿ ಅಡ್ಡಬಿದ್ದಳು. ಹಚ್ಚಿ ಒಳಗೆ ಬಂದು ಮತ್ತೆ ಯೇಸುವಿನ ಹೆಸರಿನಲ್ಲೂ ಬೇಡಿಕೊಂಡಳು. ಮುಳುಗುವವಳು ಯಾವ ಕಡ್ಡಿ ಯಾರದೆಂದು ಕೇಳುತ್ತ ಕೂರುವುದಿಲ್ಲ. ಹುಡುಗಿ ಬದುಕಿದಳು. ಔಷಧದಿಂದಲೋ ಪ್ರಾರ್ಥನೆಯಿಂದಲೋ ಭಂಡಾರದಿಂದಲೋ, ಬಲ್ಲವರು ಯಾರು.

ಓಣಿಯಲ್ಲಿ ನಡೆದದ್ದು ಮುಚ್ಚಿಟ್ಟರೆ ಮುಚ್ಚಿಕೊಳ್ಳುವಂಥದಲ್ಲ. ಸಭೆಯ ಹಿರಿಯರ ಮುಂದೆ ಎದ್ದು ನಿಂತು ಹೇಳಿದವನು ದಾನಪ್ಪ. ಸ್ವಂತ ತಂಗಿ ಎಂದು ಬಿಟ್ಟರೆ ನಾಳೆ ಬೇರೆಯವರನ್ನು ಕೇಳುವ ಬಾಯಿ ತನಗಿರುವುದಿಲ್ಲ ಎಂದ. ಸಭೆಯೆಲ್ಲ ಅವನ ನಿಷ್ಠೆಯನ್ನು ಕೊಂಡಾಡಿತು. ರುದ್ರವ್ವ ಎಲ್ಲರ ಮುಂದೆ ನಿಂತು ತಪ್ಪಾಯಿತೆಂದು ಹೇಳಬೇಕು, ಹೇಳುವ ತನಕ ಕರ್ತನ ಮೇಜಿಗೆ ಬರಕೂಡದು ಎಂದು ತೀರ್ಮಾನವಾಯಿತು. ರುದ್ರವ್ವ ನಿಂತಳು. “ಅಂಜಿದ್ದೆ” ಎಂದಳು. “ತಪ್ಪಾತು ಅನ್ನು” ಎಂದರು. “ಅಂಜಿದ್ದೆ ಅಂತ ಹೇಳಿದೆನಲ್ಲ” ಎಂದು ಕೂತುಬಿಟ್ಟಳು. ಮಗಳು ಬದುಕಿರುವಾಗ ತಪ್ಪಾಯಿತು ಎಂದರೆ ಬದುಕಿದ್ದೇ ತಪ್ಪು ಎಂದಂತೆ ಅವಳಿಗೆ ಕಾಣುತ್ತಿತ್ತು.

ಆ ಸಭೆಯಲ್ಲಿ ತಿಂಗಳಿಗೊಮ್ಮೆ ರೊಟ್ಟಿ ಮುರಿಯುತ್ತಿದ್ದರು. ಅದಕ್ಕೆ ಮೊದಲು ಮೇಜಿನ ಮೇಲೆ ಹೊದಿಸಿದ ಬಿಳಿ ಬಟ್ಟೆಯನ್ನು ತೆಗೆಯುತ್ತಾರೆ. ಬಟ್ಟೆ ತೆಗೆಯುವ ಹೊತ್ತಿಗೆ ಮೇಜಿಗೆ ಬರಕೂಡದವರು ಎದ್ದು ಹೊರಗೆ ವರಾಂಡಕ್ಕೆ ಹೋಗಬೇಕು, ಬಾಗಿಲು ಮುಚ್ಚುತ್ತದೆ. ಬೇರೆ ಹೆಂಗಸಾಗಿದ್ದರೆ ಆ ಭಾನುವಾರ ತಲೆನೋವು ಎಂದು ಮನೆಯಲ್ಲಿ ಉಳಿಯುತ್ತಿದ್ದಳು. ರುದ್ರವ್ವ ಒಂದನ್ನೂ ತಪ್ಪಿಸಲಿಲ್ಲ. ಎದ್ದಳು, ಸೆರಗು ಕೊಡವಿದಳು, ಎಲ್ಲರಿಗೂ ಕೇಳುವಂತೆ ಚಪ್ಪಲಿ ಬಡಿಯುತ್ತ ಹೋದಳು. ವಿಚಿತ್ರವೆಂದರೆ ಮದ್ಯಪಾನ ನಿಷೇಧದ ಮುಂಬಯಿಯಲ್ಲಿ ದ್ರಾಕ್ಷಾರಸ ಸಿಗದೆ, ಒಣದ್ರಾಕ್ಷಿ ಕುದಿಸಿ ಸೋಸಿದ ನೀರನ್ನೇ ಸಭೆಯವರು ಪಾತ್ರೆಗೆ ತುಂಬುತ್ತಿದ್ದರು. ಅದು ಕುದಿಯುತ್ತಿದ್ದದ್ದು ರುದ್ರವ್ವನ ಖಾನಾವಳಿಯ ಒಲೆಯ ಮೇಲೆ. ಅಷ್ಟು ದೊಡ್ಡ, ಅಷ್ಟು ಚೊಕ್ಕ ಪಾತೇಲಿ ಸಭೆಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಮೇಜಿಗೆ ಬರಬೇಡ ಎಂದವರಿಗೆ ಅವಳ ಒಲೆ ಬೇಡವಾಗಿರಲಿಲ್ಲ.

ಈ ಈಸ್ಟರಿಗೆ ಸೇವಂತಿಗೆ ದೃಢೀಕರಣ. ಹದಿನಾರು ವರ್ಷದ ಹುಡುಗಿ ಬಿಳಿ ಸೀರೆ ಉಟ್ಟು, ತಾನು ಕ್ರಿಸ್ತನವಳು ಎಂದು ಸಭೆಯ ಮುಂದೆ ಹೇಳಿ, ಮೊದಲ ಸಲ ರೊಟ್ಟಿ ತೆಗೆದುಕೊಳ್ಳುವ ದಿನ. ತಾಯಿಯಾದವಳು ಪಕ್ಕದಲ್ಲಿ ಮೊಣಕಾಲೂರಬೇಕಾದ ಹೊತ್ತಿಗೆ ರುದ್ರವ್ವ ಚಪ್ಪಲಿ ಬಡಿಯುತ್ತ ವರಾಂಡಕ್ಕೆ ಹೋಗಬೇಕು. ಇದೇ ಅವಳನ್ನು ತಿನ್ನುತ್ತಿತ್ತು. ಅವಳ ಮನಸ್ಸಿನಲ್ಲಿದ್ದದ್ದು ಮೇಜಿನ ಬಳಿ, ಮಗಳ ಪಕ್ಕದಲ್ಲಿ, ಒಂದೇ ಒಂದು ಜಾಗ. ಅದಕ್ಕಾಗಿಯೇ ಅವಳು ಸತ್ತ ಬಿಷಪ್ಪರ ಕಥೆ ಕೇಳಲು ಕೂತಳು. ಇವರಿಗೆ ನನ್ನನ್ನು ಹೊರಗೆ ಕಳಿಸುವ ಹಕ್ಕನ್ನು ಕೊಟ್ಟವರು ಯಾರು ಎಂದು ಬುಡದಿಂದ ತಿಳಿಯಬೇಕಾಗಿತ್ತು.

ಬುಡದಲ್ಲಿ ಇದ್ದದ್ದು ಇದು, ಪೂವಪ್ಪ ಮಾಸ್ತರರು ಹೇಳಿದಂತೆ. ರೋಮಿನ ಚಕ್ರವರ್ತಿ ಎಲ್ಲರೂ ದೇವತೆಗಳಿಗೆ ಧೂಪ ಹಾಕಬೇಕೆಂದು ಆಜ್ಞೆ ಮಾಡಿದ. ಹಾಕದವರಿಗೆ ಸೆರೆ, ಹೊಡೆತ, ಕೆಲವರಿಗೆ ಸಾವು. ಕಾರ್ಥೇಜಿನ ಕ್ರೈಸ್ತರಲ್ಲಿ ಬಹಳ ಮಂದಿ ಹೋಗಿ ಹಾಕಿದರು. ಕೆಲವರು ಕೂಸುಗಳನ್ನು ಎತ್ತಿಕೊಂಡೇ ಹೋದರು. ಗದ್ದಲ ತಣ್ಣಗಾದ ಮೇಲೆ ಅವರೆಲ್ಲ ಅಳುತ್ತ ಸಭೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬಿಡಬೇಕೋ ಬಾರದೋ? ಬಿಷಪ್ಪ ತಾಳಿರಿ, ದುಃಖಪಡಲಿ, ಕಾಯಲಿ ಎಂದ. ಕೂಸು ಎತ್ತಿಕೊಂಡು ಹೋದವರನ್ನು ಅವನು ಬಹಳ ಕಟುವಾಗಿ ಬೈದನಂತೆ. ಅಲ್ಲಿಗೇ ರುದ್ರವ್ವನ ತಾಳ್ಮೆ ಹರಿದದ್ದು, ಅವನಿಗೆ ಮಕ್ಕಳಿದ್ದುವೇ ಎಂದು ಕೇಳಿದ್ದು.

ಆ ಶನಿವಾರ ಎಲ್ಲರೂ ಹೋದ ಮೇಲೆ ಮಾಸ್ತರರು ತಾವೇ ಡಬ್ಬಿ ತೊಳೆದು ತಂದು ಅವಳ ಕೈಗೆ ಕೊಟ್ಟರು. “ಇನ್ನೊಂದು ಹೇಳಬೇಕಿತ್ತು, ನೀವು ಬಿಡಲಿಲ್ಲ. ಆಜ್ಞೆ ಬಂದಾಗ ಆ ಬಿಷಪ್ಪ ಸ್ವತಃ ಊರು ಬಿಟ್ಟು ಅಡಗಿದ್ದ” ಎಂದರು.

ರುದ್ರವ್ವನಿಗೆ ನಗು ತಡೆಯಲಿಲ್ಲ. “ಇದನ್ನ ಮೊದಲ ಹೇಳಬಾರದೇನ್ರಿ? ನಾ ಇನ್ನೊಂದೀಟು ಬೈತಿದ್ದೆ.”

“ಅದಕ್ಕೇ ಹೇಳಲಿಲ್ಲ. ಇನ್ನೊಮ್ಮೆ ಸೈನಿಕರು ಬಂದಾಗ ಅವನು ಅಡಗಲಿಲ್ಲ, ಕುತ್ತಿಗೆ ಕೊಟ್ಟ. ಅದನ್ನೂ ಕೇಳಬೇಕು ನೀವು.” ಮತ್ತೆ ಅಂದರು, “ನಾನು ಜೀವಮಾನವೆಲ್ಲ ಪಾಠ ಮಾಡಿದೆ ರುದ್ರವ್ವ. ಆ ಜನರನ್ನು ಬೈಯುವಷ್ಟು ಹತ್ತಿರದಿಂದ ಕಂಡವರು ನೀವೊಬ್ಬರೇ. ನನಗೆ ಬಹಳ ಉಪಕಾರವಾಯಿತು.”

ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಟಿ ಬಿಸುಟವಳಿಗೆ ಉಪಕಾರ ಎಂದವರು ಆ ತನಕ ಯಾರೂ ಇರಲಿಲ್ಲ. ಮುಂದಿನ ವಾರ ಬೆಣ್ಣೆ ಹಾಕಿಕೊಡತೀನಿ ಎಂದು ಹೇಳಿ ಬಂದಳು.

ಖಾನಾವಳಿಯಲ್ಲಿ ಆ ಕಾಲದ ಸುದ್ದಿಯೆಂದರೆ ಮುಂಬಯಿ ಯಾರ ಪಾಲಿಗೆ ಎಂಬುದು. ಮಹಾರಾಷ್ಟ್ರಕ್ಕೋ, ಬೇರೆಯೋ. ಬೀದಿಯಲ್ಲಿ ಗೋಲಿಬಾರೂ ಆಗಿತ್ತು. ಆದರೆ ರುದ್ರವ್ವನ ಪಂಕ್ತಿಯಲ್ಲಿ ಕೂತವರಿಗೆ ಕಾರ್ಥೇಜಿನ ಹುಚ್ಚು ಹಿಡಿಯಿತು. ಅವಳು ಭಕ್ಕರಿ ತಟ್ಟುತ್ತ ಆ ವಾರದ ಪಾಠವನ್ನು ಹೇಳುವಳು. ಬಿಜಾಪುರ, ಬೆಳಗಾವಿ ಕಡೆಯ ಮಿಲ್ಲಿನವರು, ಒಬ್ಬನೂ ಕ್ರೈಸ್ತನಲ್ಲ, ತುತ್ತು ಕೈಯಲ್ಲಿ ಹಿಡಿದು ಕೇಳುವರು. ರೋಮಿನಲ್ಲಿ ಒಬ್ಬ ಪಾದ್ರಿ ಇದ್ದ, ಧೂಪ ಹಾಕಿದವರನ್ನು ಸಾಯುವ ತನಕ ಒಳಗೆ ಬಿಡಬಾರದೆಂದು ಹಟ ಹಿಡಿದು ಬೇರೆ ಸಭೆಯನ್ನೇ ಕಟ್ಟಿದ. ಅವನಿಗೆ ಇವರು ಗಟ್ಟಿಸ್ವಾಮಿ ಎಂದು ಹೆಸರಿಟ್ಟರು. ಸ್ಪಿನ್ನಿಂಗ್ ಖಾತೆಯ ಶಂಕ್ರೆಪ್ಪ ಕೈತೊಳೆಯುವ ಮುಂಚೆ ದಿನಾ ಕೇಳುವನು, “ಗಟ್ಟಿಸ್ವಾಮಿದು ಏನಾತ್ರಿ ಅಕ್ಕಾರ? ಬಗ್ಗಿದನೋ ಇಲ್ಲೋ?”

ಶಂಕ್ರೆಪ್ಪ ಹಾರೂಗೇರಿಯವನು, ಲಿಂಗವಂತ. ಅವನ ಊರಿನಲ್ಲಿ ಜಾತಿಯಿಂದ ಹೊರಗೆ ಹಾಕಿದವನು ದಂಡ ಕಟ್ಟಿ ಕುಲದವರಿಗೆಲ್ಲ ಊಟ ಹಾಕಿದರೆ ಒಳಗಂತೆ. ನೀವೂ ಒಂದು ಹೋಳಿಗೆ ಊಟ ಹಾಕಿ ಮುಗಿಸಿಬಿಡಿ ಎಂದು ಉಪದೇಶ ಮಾಡಿದ. ಅದಾಗದಿದ್ದರೆ ಈ ಸಲ ದ್ರಾಕ್ಷಿ ಕುದಿಸಬೇಡಿ, ತಾವಾಗಿಯೇ ದಾರಿಗೆ ಬರುತ್ತಾರೆ ಎಂದ. ರುದ್ರವ್ವ ಒಲೆ ಊದುವ ಕೊಳವೆ ಎತ್ತಿ ಅವನಿಗೆ ತೋರಿಸಿದಳು. ಆ ದ್ರಾಕ್ಷಿನೀರು ಹಿರಿಯರದಲ್ಲ, ದಾನಪ್ಪನದೂ ಅಲ್ಲ. ಅದನ್ನು ಹಿಡಿದು ಚೌಕಾಶಿ ಮಾಡಿದರೆ ತನಗೂ ದೇವರ ಹೆಸರಿನಲ್ಲಿ ಕಾಸು ಕೀಳುವವರಿಗೂ ಏನು ಭೇದ ಎಂದು ಬೈದಳು. ಬೈಗುಳ ಊಟದ ಜೊತೆಗೆ ಪುಕ್ಕಟೆ ಎಂದು ಶಂಕ್ರೆಪ್ಪ ನಕ್ಕ.

ಗರಿಗಳ ಭಾನುವಾರದ ಹಿಂದಿನ ದಿನ ಕಡೆಯ ಪಾಠ. ಬಾಗಿಲಲ್ಲಿ ನಿಂತವರ ಗತಿ ಏನಾಯಿತು ಎಂಬುದು ಅಂದು ತಿಳಿಯಿತು. ಧೂಪ ಹಾಕದೆ ಸೆರೆಗೆ ಹೋಗಿ ಹೊಡೆತ ತಿಂದು ಬಂದ ಕೆಲವರಿದ್ದರಂತೆ. ಅವರ ಮೈಮೇಲಿನ ಗಾಯವೇ ಅವರ ಮಾನ. ಅಂಥವರು ಧೂಪ ಹಾಕಿ ಬಿದ್ದವರ ಪರವಾಗಿ ಒಂದು ಮಾತು ಹೇಳಿದರೆ, ಇವರನ್ನು ಕ್ಷಮಿಸಿರಿ ಎಂದು ಕೇಳಿಕೊಂಡರೆ, ಆ ಮಾತಿಗೆ ತೂಕವಿತ್ತು. ಬಿಷಪ್ಪರಿಗೆ ಅದು ಹಿಡಿಸಲಿಲ್ಲ, ಜಗಳವಾಯಿತು, ಆದರೂ ಆ ಮಾತನ್ನು ಪೂರಾ ತೆಗೆದುಹಾಕಲು ಅವರಿಂದ ಆಗಲಿಲ್ಲ. ಕೊನೆಗೆ ಒಬ್ಬೊಬ್ಬರ ಸಂಗತಿಯನ್ನೂ ಬೇರೆಬೇರೆಯಾಗಿ ಕೇಳಿ ತಡವಾಗಿಯಾದರೂ ಒಳಗೆ ಕರೆದುಕೊಂಡರು. ಮತ್ತೆ ಹಿಂಸೆ ಬರುತ್ತದೆಂಬ ಸುದ್ದಿ ಬಂದಾಗಲಂತೂ, ಇವರನ್ನು ಹಸಿದ ಹೊಟ್ಟೆಯಲ್ಲಿ ಯುದ್ಧಕ್ಕೆ ಕಳಿಸುವುದು ಹೇಗೆ ಎಂದು ಎಲ್ಲರಿಗೂ ಮೇಜು ತೆರೆದರು.

ಸೋಮವಾರ ಇದನ್ನೇ ಹೇಳುತ್ತ ಅವಳು ಭಕ್ಕರಿ ಬೇಯಿಸುತ್ತಿದ್ದಳು. ನಮ್ಮ ಸಭೆಯಲ್ಲಿ ಹೊಡೆತ ತಿಂದವರು ಎಲ್ಲಿದ್ದಾರೆ, ಎಲ್ಲರೂ ಪಗಾರ ತಿಂದವರೇ ಎಂದಳು. ಶಂಕ್ರೆಪ್ಪ ಹಿಂಡಿಗೆ ಎಣ್ಣೆ ಹಾಕಿಕೊಳ್ಳುತ್ತಿದ್ದವನು ತಲೆ ಎತ್ತದೆ ಅಂದ:

“ಮತ್ತ ನಿಮ್ಮಣ್ಣನ ಕೈ ಯಾಕ ಸೊಟ್ಟ ಐತ್ರೀ?”

ಹಂಚಿನ ಮೇಲಿನ ಭಕ್ಕರಿ ಸೀದುಹೋಯಿತು.

ದಾನಪ್ಪನ ಎಡಗೈ ಮೊಣಕೈಯಲ್ಲಿ ಸೊಟ್ಟ. ಅದರ ಕಥೆ ಸಭೆಯಲ್ಲಿ ಮಕ್ಕಳಿಗೂ ಗೊತ್ತು. ಗದಗಿನ ಹತ್ತಿರದ ಅವರ ಹಳ್ಳಿಯಲ್ಲಿ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡಾಗ ಊರವರು ಬಾವಿ ಮುಚ್ಚಿದರು, ಒಂದು ಬೆಳಿಗ್ಗೆ ಬಡಿಗೆ ಹಿಡಿದು ಕೇರಿಗೆ ನುಗ್ಗಿದರು. ಕೇರಿಯೆಲ್ಲ ಬೆಟಗೇರಿಯ ಮಿಷನ್ ಕಂಪೌಂಡಿನ ಕಡೆಗೆ ಓಡಿತು. ಹನ್ನೊಂದು ವರ್ಷದ ದಾನಪ್ಪನ ಸೊಂಟದಲ್ಲಿ ಕೂಸು. ಬಡಿಗೆಯ ಏಟು ಮೊಣಕೈಗೆ ಬಿತ್ತು. ಹುಡುಗ ಕೂಸನ್ನು ಬಿಡಲಿಲ್ಲ. ಭಾನುವಾರದ ಶಾಲೆಯಲ್ಲಿ ನಂಬಿಕೆಗಾಗಿ ನರಳುವುದೆಂದರೇನು ಎಂಬ ಪಾಠ ಬಂದಾಗ ದಾನಪ್ಪನನ್ನು ಕರೆದು ತೋಳು ಮಡಚಿ ತೋರಿಸುವುದು ವಾಡಿಕೆ. ಹಿರಿಯರಲ್ಲಿ ಅವನ ಕುರ್ಚಿ ಎಲ್ಲಕ್ಕಿಂತ ಮುಂದೆ ಇದ್ದದ್ದೂ ಆ ಕೈಯಿಂದಲೇ.

ಆ ಕೂಸು ರುದ್ರವ್ವ.

ಕಥೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ತಲೆಗೆ ಹೋಗುವುದಿಲ್ಲ. ಅವಳನ್ನು ಹೊರಗೆ ಹಾಕಿದ ಮನುಷ್ಯನೇ ಅವಳ ಪರವಾಗಿ ಮಾತಾಡಲು ತಕ್ಕ ಒಬ್ಬನೇ ಮನುಷ್ಯ ಎಂಬುದು ಅವಳಿಗೆ ಒಲೆಯ ಮುಂದೆ ಹೊಳೆಯಿತು. ಹೊಳೆದ ಕೂಡಲೇ ಸಿಟ್ಟು ಬಂತು. ಅವನ ಮುಂದೆ ಕೈ ಚಾಚುವುದಕ್ಕಿಂತ ವರಾಂಡವೇ ವಾಸಿ ಎಂದುಕೊಂಡಳು. ಎರಡು ದಿನ ಹಾಗೆಯೇ ಕುದಿದು, ಬುಧವಾರ ಸಂಜೆ ಒಲೆಯನ್ನು ಸೇವಂತಿಗೆ ಒಪ್ಪಿಸಿ ಸೆರಗು ಬಿಗಿದಳು.

“ಆಯೀ, ಅಲ್ಲಿ ಹೋಗಿ ಝಗಡಾ ಮಾಡಬ್ಯಾಡ ಹಾಂ” ಎಂದಳು ಸೇವಂತಿ, ಚಾಳಿನ ಮರಾಠಿ ಬೆರೆಸಿ. “ನಿನಗ ಬಿಡೋದಿಲ್ಲಂದ್ರ ನಾನೂ ರೊಟ್ಟಿ ಘೇಣಾರ್ ನಾಹೀ.”

“ತಗೋಳೋದಿಲ್ಲ ಅಂದ್ರ ಕಾಲು ಮುರಿತೀನಿ” ಎಂದು ಹೇಳಿ ಹೊರಟಳು.

ದಾನಪ್ಪ ಲಾಲಬಾಗದ ಮಿಲ್ಲಿನ ಚಾಳಿನಲ್ಲಿದ್ದ. ನೇಯ್ಗೆ ಖಾತೆಯ ಜಾಬರ್, ನೇಕಾರರ ಮೇಲಿನ ಮೇಸ್ತ್ರಿ. ಮಗ್ಗದ ಸದ್ದಿಗೆ ಕಿವಿ ಅರ್ಧ ಹೋದ ಮೇಲೆ, ಮನೆಯಲ್ಲೂ ಖಾತೆಯಲ್ಲಿ ಕೂಗಿದಂತೆಯೇ ಕೂಗುತ್ತಿದ್ದ. ಅಂದು ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ತಂಗಿಯನ್ನು ಕಂಡು ಮುಖ ಗಂಟಿಕ್ಕಿದ. ತಪ್ಪಾಯಿತು ಎನ್ನಲು ಬಂದಿದ್ದರೆ ಭಾನುವಾರ ಸಭೆಯಲ್ಲಿ ಹೇಳಬೇಕು, ಇಲ್ಲಲ್ಲ ಎಂದ. ಅವಳು ಅದಕ್ಕೆ ಬಂದಿಲ್ಲ ಎಂದಳು. ಹಾಗಾದರೆ ಮಾತೇ ಇಲ್ಲ ಎಂದ. ಮಾತಿಲ್ಲದಿದ್ದರೆ ಸುಮ್ಮನೆ ಕೂತುಕೋ, ನಾನು ಆಡುತ್ತೇನೆ ಎಂದಳು. ಪಕ್ಕದ ಮನೆಯವರು ಕದ ತೆರೆದು ಇಣುಕಿದರು.

ಸಭೆಯಲ್ಲಿ ತನ್ನ ಪರವಾಗಿ ಒಂದು ಮಾತು ಹೇಳು ಎಂದು ಕೇಳಲು ಅವಳು ಬಂದಿದ್ದಳು. ಅವನ ತೊಡೆಯ ಮೇಲೆ ಆ ಸೊಟ್ಟ ಕೈ ಕೂಸನ್ನು ಎತ್ತಿಕೊಂಡ ಆಕಾರದಲ್ಲೇ ಮಡಚಿಕೊಂಡು ಕೂತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಬಾಯಿಂದ ಬೇರೆಯೇ ಬಂತು.

“ಅವತ್ತು ನನ್ನ ಒಗದು ಓಡಬೇಕಿತ್ತು ನೀ.”

“ಏನಂದಿ?”

ಅವಳು ಕೂಗಿ ಹೇಳಿದಳು. ದಾನಪ್ಪ ಅವಳನ್ನೇ ನೋಡಿದ. ಈ ಮಾತನ್ನು ಯಾರೂ ಅವನಿಗೆ ಹೀಗೆ ಹೇಳಿರಲಿಲ್ಲ.

“ಒಗದಿದ್ರ ಅವ್ವ ಬಿಡತಿದ್ಲೇನು?” ಎಂದ. “ಓಡಾಕ ಬರಲಿಲ್ಲ, ಅದಕ್ಕ ಬಡಿಸಿಕೊಂಡೆ. ನೀ ಅಂದ್ರ ನೀ, ಗುಂಡಕಲ್ಲು ಇದ್ದಂಗ ಇದ್ದಿ. ನಂಬಿಕಿ ಗಿಂಬಿಕಿ ಅಂತಾರ. ನನಗ ದೇವರ ನೆನಪ ಇರಲಿಲ್ಲ ಆವಾಗ. ಕೂಸು ಬೀಳತೈತಿ ಅನ್ನೋದೊಂದ ತಲ್ಯಾಗಿತ್ತು.”

“ನೀ ಹಿಡದಿದ್ದಕ್ಕ ನಾ ಅದೀನಿ. ನಾ ಇದ್ದದ್ದಕ್ಕ ಸೇವಂತಿ ಅದಾಳ. ಒಂದಿನಾನೂ ಹೇಳಿದ್ದಿಲ್ಲ ನಿನಗ. ಈಗ ಹೇಳೀನಿ ನೋಡು, ನೆನಪಿಟ್ಟುಕೋ.”

ಬೈಯುವ ದನಿಯಲ್ಲೇ ಹೇಳಿದಳು, ಅವಳಿಗೆ ಬೇರೆ ದನಿ ಇರಲಿಲ್ಲ. ಹೇಳಿದವಳು ಮೆಟ್ಟಿಲಿಳಿದು ಬಂದುಬಿಟ್ಟಳು. ಕೇಳಬೇಕಾದ್ದನ್ನು ಕೇಳಲೇ ಇಲ್ಲವೆಂಬುದು ಬೈಕುಲ್ಲಾ ಸೇತುವೆಯ ಹತ್ತಿರ ನೆನಪಾಯಿತು. ತಿರುಗಿ ಹೋಗುವ ಮನಸ್ಸಾಗಲಿಲ್ಲ. ಆರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಇಳಿದಂತಿತ್ತು, ಅಷ್ಟರ ಮಟ್ಟಿಗೆ ಅವಳಿಗೆ ಲಾಭವೇ. ಶನಿವಾರ ಎಂದಿನಂತೆ ದ್ರಾಕ್ಷಿ ಕುದಿಸಿದಳು. ಮಗಳ ಸೀರೆಗೆ ಗಂಜಿ ಹಾಕಿದಳು. ವರಾಂಡದಲ್ಲಿ ಯಾವ ಕಿಟಕಿಯ ಸಂದಿಯಿಂದ ಮೇಜು ಕಾಣುತ್ತದೆ ಎಂದು ಲೆಕ್ಕ ಹಾಕಿಟ್ಟುಕೊಂಡಳು.

ಈಸ್ಟರ್ ಸಂಜೆ ಹಾಲು ಕಿಕ್ಕಿರಿದಿತ್ತು. ಪೂನಾದಿಂದ ವಯಸ್ಸಾದ ಸಭಾಪಾಲಕರು ಬಂದಿದ್ದರು. ಪೂವಪ್ಪ ಮಾಸ್ತರರು ಮಗ ಸೊಸೆಯನ್ನು ಕರೆದುಕೊಂಡು ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು. ಶಂಕ್ರೆಪ್ಪ ವಿಭೂತಿ ಧರಿಸಿಕೊಂಡೇ ಬಂದು, ಗಟ್ಟಿಸ್ವಾಮಿಯ ಪಕ್ಷದವರು ಯಾರ್ಯಾರು ಎಂದು ಬಾಗಿಲಿನಿಂದ ನೋಡುತ್ತಿದ್ದ. ಸಭಾಪಾಲಕರು ಕೇಳಿದ ಪ್ರಶ್ನೆಗಳಿಗೆಲ್ಲ ಸೇವಂತಿ ಕನ್ನಡದಲ್ಲಿ ತಡವರಿಸದೆ ಉತ್ತರ ಹೇಳಿದಳು. ಆ ಉತ್ತರಗಳನ್ನು ಕಲಿಸಲು ರುದ್ರವ್ವ ಎಷ್ಟು ಸಲ ಲಟ್ಟಣಿಗೆ ಎತ್ತಿದ್ದಳೋ ಅವಳಿಗೇ ಗೊತ್ತು. ಸಭಾಪಾಲಕರು ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಮೇಜಿನ ಬಿಳಿ ಬಟ್ಟೆಯ ಎರಡು ತುದಿಗಳನ್ನು ಹಿಡಿದು ಮೇಲೆತ್ತಿದರು.

ರುದ್ರವ್ವ ಎದ್ದಳು. ಆ ದಿನ ಚಪ್ಪಲಿಯ ಸದ್ದು ಮಾಡಲಿಲ್ಲ.

“ನಿಂದ್ರು” ಎಂದ ದಾನಪ್ಪ.

ಮಗ್ಗದ ಖಾತೆಯ ದನಿ. ಹಾಲಿನಲ್ಲಿ ಕೂಸುಗಳು ಬೆಚ್ಚಿದವು. ಸಭಾಪಾಲಕರ ಕೈಯಲ್ಲಿ ಬಟ್ಟೆ ಹಾಗೆಯೇ ನಿಂತಿತು. ದಾನಪ್ಪ ಹಿರಿಯರ ಕುರ್ಚಿಯಿಂದ ಎದ್ದು ಮೇಜಿನ ಮುಂದೆ ಬಂದ. ಕೂತುಕೊಳ್ಳಿ, ಇದು ಮಾತಾಡುವ ಹೊತ್ತಲ್ಲ ಎಂದು ಇನ್ನೊಬ್ಬ ಹಿರಿಯರು ಅವನ ಅಂಗಿ ಎಳೆದರು. ಅವನು ಎಳೆದ ಕಡೆ ನೋಡಲೂ ಇಲ್ಲ.

“ಅಯ್ಯನವರ, ಈ ಕೈ ನೋಡಿ ನನ್ನ ಹಿರಿಯನ್ನ ಮಾಡಿದ್ರು. ಮಕ್ಕಳಿಗೆ ತೋರಿಸಿದ್ರು. ಇದು ಮುರದದ್ದು ದೇವರ ಸಲುವಾಗಿ ಅಲ್ರಿ, ಅಲ್ಲಿ ನಿಂತಾಳಲ್ಲ, ಆಕಿ ಸಲುವಾಗಿ. ಒಂದು ಕೂಸು ಬೀಳಬಾರದು ಅಂತ ನಾ ಹಿಡದೆ, ನನಗ ಕುರ್ಚಿ ಸಿಕ್ತು. ಒಂದು ಕೂಸು ಹೋಗಬಾರದು ಅಂತ ಆಕಿ ಸಿಕ್ಕಿದ್ದು ಹಿಡದಳು, ಆಕಿಗೆ ನಾ ಬಾಗಿಲು ತೋರಿಸಿದೆ.”

ಹಿರಿಯರ ಕಡೆಗೂ ತಿರುಗಿದ. “ಕಾನೂನು ಐತಿ. ನಾನ ಹಿಡಿಸಿದ್ದು. ಯಾರರ ಒಬ್ಬರು ಹೊರಗ ಹೋಗಬೇಕಂದ್ರ ನಾ ಹೋಗತೀನಿ. ಆಕಿ ತನ್ನ ಮಗಳ ಬಾಜೂಕ ಕುಂಡ್ರಲಿ. ಈ ಕೈಗೆ ಏನರ ಕಿಮ್ಮತ್ತಿದ್ರ, ಇದೊಂದ ಸಲ ಆಕಿಗೆ ಕೊಡ್ರಿ.”

ಸಭಾಪಾಲಕರು ಹಿರಿಯರ ಕಡೆ ನೋಡಿದರು. ಹಿರಿಯರು ತಮ್ಮ ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು. ಪೂವಪ್ಪ ಮಾಸ್ತರರು ಬೆಂಚು ಹಿಡಿದು ಮೆಲ್ಲಗೆ ಎದ್ದರು. ವಾರಗಟ್ಟಲೆ ಪಾಠ ಹೇಳಿದ ಮನುಷ್ಯ, ಇಲ್ಲೊಂದು ಪ್ರಸಂಗ ಮಾಡುವರೆಂದು ಎಲ್ಲರೂ ಅಂದುಕೊಂಡರು. ಅವರು ಅಂದದ್ದು ಇಷ್ಟೇ: “ಆಗಬಹುದು ಅಯ್ಯನವರೇ. ಹಿಂದೆಯೂ ಹೀಗೆ ಆದದ್ದುಂಟು.”

ಮುದಿ ಸಭಾಪಾಲಕರು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ರುದ್ರವ್ವನ ಕಡೆ ನೋಡಿ, ಬಾ ತಾಯಿ ಎಂದರು.

ಅವಳು ಬಾಗಿಲ ಬಳಿಯೇ ನಿಂತಿದ್ದಳು. ದಾನಪ್ಪನೇ ನಡುವಿನ ಹಾದಿಯಲ್ಲಿ ಅವಳ ಕಡೆಗೆ ನಡೆದು ಬಂದ. ಎದುರಿಗೆ ಬಂದಾಗ ಅವಳಿಗೆ ಏನೇನೋ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು, “ನೀನೂ ಬಾ ಅಣ್ಣಾ.”

“ಇಬ್ಬರೂ ಒಳಗಿದ್ರ ಜಗಳ ಆಡತೀವಿ” ಎಂದ. “ಹೋಗು, ಹುಡುಗಿ ನಿನ್ನ ದಾರಿ ನೋಡಾಕತ್ತಾಳ.”

ಅವಳನ್ನು ದಾಟಿ ಹೊರಗೆ ಹೋದ. ವರಾಂಡದಲ್ಲಿ ನಿಲ್ಲುವನೆಂದು ಅವಳು ಅಂದುಕೊಂಡಿದ್ದಳು. ಮರದ ಮೆಟ್ಟಿಲುಗಳ ಮೇಲೆ ಅವನ ಬೂಟಿನ ಸದ್ದು ಕೆಳಗೆ ಕೆಳಗೆ ಇಳಿಯಿತು. ಬಾಗಿಲ ಹತ್ತಿರ ಇದ್ದ ಶಂಕ್ರೆಪ್ಪ ಅವನಿಗೆ ದಾರಿ ಬಿಟ್ಟು ಕೈಮುಗಿದನಂತೆ.

ರುದ್ರವ್ವ ಹೋಗಿ ಮಗಳ ಪಕ್ಕದಲ್ಲಿ ಮೊಣಕಾಲೂರಿದಳು. ಸೇವಂತಿ ಅವಳ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು. ರೊಟ್ಟಿ ಬಂತು, ಪಾತ್ರೆ ಬಂತು. ತಾನೇ ಕುದಿಸಿದ ದ್ರಾಕ್ಷಿನೀರಿನ ರುಚಿಯನ್ನು ಈ ಆರು ವರ್ಷ ಅವಳು ನೋಡಿರಲಿಲ್ಲ. ತುಸು ಸಕ್ಕರೆ ಕಡಿಮೆಯಾಗಿತ್ತು. ಕಣ್ಣು ಮುಚ್ಚಿದಾಗ ಅವಳು ಸ್ತೋತ್ರ ಮಾಡಿದ್ದು ಉದ್ದವಾಗಿತ್ತು: ಮಗಳಿಗಾಗಿ, ಅಂಧೇರಿಯ ಮುದುಕನಿಗಾಗಿ, ಡಾಕ್ಟರನಿಗಾಗಿ, ಆ ಜೋಗಮ್ಮನಿಗಾಗಿ ಕೂಡ, ಬೈಸಿಕೊಂಡರೂ ಕೊನೆಗೆ ಬಾಗಿಲು ತೆರೆದ ಬಿಷಪ್ಪನಿಗಾಗಿ. ಎಲ್ಲಕ್ಕೂ ಮೊದಲು ಅಣ್ಣನ ಹೆಸರು ಹೇಳಿದ್ದಳು.

ಆರಾಧನೆ ಮುಗಿದ ಮೇಲೆ ವರಾಂಡದಲ್ಲಿ ನೋಡಿದಳು, ಬೀದಿಯಲ್ಲೂ ನೋಡಿದಳು. ಅವನು ಇರಲಿಲ್ಲ. ಮರುದಿನ ಖಾನಾವಳಿಗೆ ಬಂದ. ಎರಡು ಭಕ್ಕರಿ ತಿಂದ, ಝುಣಕಕ್ಕೆ ಉಪ್ಪು ಹೆಚ್ಚಾಯಿತೆಂದು ಕೂಗಾಡಿದ, ಅವಳೂ ಕೂಗಾಡಿದಳು. ಅಂದಿನಿಂದ ಅವನ ಊಟ ಅಲ್ಲೇ. ಹಿರಿಯರು ಮನೆಗೆ ಹೋಗಿ ಕರೆದರು, ಪೂವಪ್ಪ ಮಾಸ್ತರರು ಕರೆದರು, ಸೇವಂತಿ ಕೈಹಿಡಿದು ಎಳೆದಳು. ಅವನ ಕುರ್ಚಿಯನ್ನು ಬಹಳ ದಿನ ಖಾಲಿ ಇಟ್ಟಿದ್ದರು. ಆ ಹಾಲಿನ ಮೆಟ್ಟಿಲನ್ನು ಮಾತ್ರ ದಾನಪ್ಪ ಮತ್ತೆ ಹತ್ತಲಿಲ್ಲ.